1911ರಲ್ಲಿ ಆಯಾ ಆಗಿ ಇಂಗ್ಲೆಂಡಿಗೆ ಹೋದ ನನ್ನ ಮುತ್ತಜ್ಜಿ: ದಾಖಲೆ ಎಲ್ಲಿ ಹುಡುಕಲಿ?

ಕನಕಪುರ ರೋಡ್ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಮುತ್ತಜ್ಜಿಯ ವಿಷಯದಲ್ಲಿ ಸಹಾಯ ಬೇಕು. ನನ್ನ ಅಪ್ಪನ ತಾಯಿಯ ತಾಯಿ. ಮನೆಯಲ್ಲಿ ಅವಳನ್ನು ಎಲ್ಲರೂ ಸೀಮೆ ಅಜ್ಜಿ ಅಂತಲೇ ಹೇಳುತ್ತಿದ್ದರು. ಬೆಂಗಳೂರು ದಂಡಿನಲ್ಲಿ (ಕಂಟೋನ್ಮೆಂಟಿನಲ್ಲಿ) ಒಬ್ಬ ಮಿಲಿಟರಿ ದೊರೆ ಮನೆಯಲ್ಲಿ ಆಯಾ ಆಗಿದ್ದಳು. ಆ ಮನೆಯ ಮಗುವನ್ನು ನೋಡಿಕೊಳ್ಳುತ್ತಾ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗಿ ಬಂದಳು.

ನಾವು ಕನ್ನಡ ಕ್ಯಾಥೋಲಿಕರು, ಮೂಲ ಕನಕಪುರದ ಕಡೆಯ ಹಳ್ಳಿ. ಮುತ್ತಜ್ಜಿಯ ಗಂಡ ಅದೇ ದೊರೆ ಮನೆಯಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದನಂತೆ. ಪ್ಲೇಗ್ ಬಂದು ತೀರಿಕೊಂಡ. 1898ರ ದೊಡ್ಡ ಪ್ಲೇಗ್ ಅಲ್ಲ, ಆಮೇಲೂ ವರ್ಷ ವರ್ಷ ಬರುತ್ತಿತ್ತಲ್ಲ, ಅಂಥದ್ದೊಂದರಲ್ಲಿ. ನನ್ನ ಅಜ್ಜಿ ಹುಟ್ಟಿದ್ದು 1907ರಲ್ಲಿ. ಅಂದರೆ ಮುತ್ತಜ್ಜಿ ಬೇರೆಯವರ ಮಗುವನ್ನು ಎತ್ತಿಕೊಂಡು ಹಡಗು ಹತ್ತಿದಾಗ ಅವಳ ಸ್ವಂತ ಮಗಳಿಗೆ ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಆ ಮಗಳನ್ನು ಹಳ್ಳಿಯಲ್ಲಿ ದೊಡ್ಡಮ್ಮನ ಹತ್ತಿರ ಬಿಟ್ಟು ಹೋದಳು. ಮನಿಯಾರ್ಡರ್ ಬರುತ್ತಿತ್ತು, ದೊಡ್ಡಮ್ಮ ಅದರಲ್ಲೇ ರಾಗಿ ತರುತ್ತಿದ್ದಳು ಅಂತ ಅಜ್ಜಿ ಅಪ್ಪನಿಗೆ ಹೇಳಿದ್ದಾಳೆ. ಒಂದು ಸಲ ಅಲ್ಲ, ಜಾಸ್ತಿ ಸಲ ಹೋಗಿದ್ದಾಳೆ ಅಂತಲೂ ಹೇಳುತ್ತಿದ್ದಳು. ಕೊನೆಯ ಸಲ ಹೋಗಿದ್ದು ಮೊದಲನೇ ಮಹಾಯುದ್ಧ ಮುಗಿದ ಮೇಲಂತೆ.

ಈಗ ನನ್ನ ಹತ್ತಿರ ಇರುವುದು ಒಂದೇ ಒಂದು ಫೋಟೋ. ದಪ್ಪ ರಟ್ಟಿಗೆ ಅಂಟಿಸಿದ ಸ್ಟುಡಿಯೋ ಫೋಟೋ. ಕೆಳಗೆ ಸ್ಟುಡಿಯೋ ಹೆಸರು ಅರ್ಧ ಸವೆದಿದೆ, ಊರಿನ ಹೆಸರು ಚೆನ್ನಾಗಿ ಕಾಣುತ್ತದೆ: ಚೆಲ್ಟನ್‌ಹ್ಯಾಮ್. ಹಿಂದೆ ಪೆನ್ಸಿಲಿನಲ್ಲಿ ಇಂಗ್ಲಿಷಿನಲ್ಲಿ 'ಆಯಾ ಮತ್ತು ಬೇಬಿ, 1911' ಅಂತ ಬರೆದಿದೆ. ಹೆಸರಿಲ್ಲ. ಮಗುವಿನ ಹೆಸರೂ ಇಲ್ಲ, ಅವಳದೂ ಇಲ್ಲ. ಮುತ್ತಜ್ಜಿ ಬಿಳಿ ಸೀರೆ ಉಟ್ಟು, ಮೇಲೆ ಕುತ್ತಿಗೆವರೆಗೆ ಗುಂಡಿ ಹಾಕಿದ ರವಿಕೆ ತೊಟ್ಟು ನಿಂತಿದ್ದಾಳೆ. ಸೆರಗಿನ ಮೇಲೆ ಒಂದು ಶಾಲು. ಕುರ್ಚಿಯ ಮೇಲೆ ಲೇಸಿನ ಫ್ರಾಕಿನಲ್ಲಿ ಮಗು. ಅವಳ ಎಡಗೈ ಮಗುವಿನ ಹೊಟ್ಟೆಯ ಮೇಲಿದೆ, ಬೀಳದ ಹಾಗೆ ಒತ್ತಿ ಹಿಡಿದಿದ್ದಾಳೆ. ಮಗು ಅಲ್ಲಾಡಿದ್ದರಿಂದ ಅದರ ಮುಖ ಸ್ವಲ್ಪ ಕದಡಿದೆ. ಅವಳ ಮುಖ ಮಾತ್ರ ನಿಚ್ಚಳವಾಗಿದೆ.

ಚರ್ಚಿನ ಹೆಸರು ಮೇರಿ, ಹಳ್ಳಿಯಲ್ಲಿ ಮರಿಯಮ್ಮ. ದೊರೆಯ ಹೆಸರನ್ನು ಅಜ್ಜಿ 'ಮೆಕ್ಕಿ ದೊರೆ' ಅನ್ನುತ್ತಿದ್ದಳು. ಅಷ್ಟೇ.

ನನಗೆ ಬೇಕಾಗಿರುವುದು ಇದು. ಅವಳು ಯಾವ ಮನೆಯಲ್ಲಿದ್ದಳು, ಯಾವಾಗ ಹೋದಳು, ಯಾವಾಗ ಬಂದಳು. ಸತ್ತಿದ್ದು ಎಲ್ಲಿ, ಮಣ್ಣು ಮಾಡಿದ್ದು ಎಲ್ಲಿ. ನಮ್ಮ ಮನೆಯಲ್ಲಿ ಗಂಡಸರ ಕಥೆ ಎಲ್ಲ ಇದೆ. ಯಾರು ಯಾವ ಜಮೀನು ಮಾರಿದರು, ಯಾರು ಮಿಲ್ಲಿಗೆ ಸೇರಿದರು ಎಲ್ಲ ಗೊತ್ತು. ಆದರೆ ಆ ಕಾಲದಲ್ಲಿ ಸಮುದ್ರ ದಾಟಿ ದುಡಿದು ಮಗಳನ್ನು ಸಾಕಿದವಳ ಬಗ್ಗೆ ಅರ್ಧ ಪುಟ ಬರೆಯುವಷ್ಟೂ ಗೊತ್ತಿಲ್ಲ. ಅಪ್ಪನಿಗೆ ಈಗ ಎಂಬತ್ತು ದಾಟಿದೆ. ಅವರಿಗೆ ಗೊತ್ತಾಗುವ ಹಾಗೆ ಏನಾದರೂ ಹುಡುಕಬೇಕು ಅಂತ ನನ್ನ ಆಸೆ. ಎಲ್ಲಿಂದ ಶುರು ಮಾಡಲಿ?


ಹಳೇ ಫೈಲು ಬರೆದದ್ದು:

ಮೇಡಂ, ನಾನು ಸರ್ಕಾರಿ ದಾಖಲೆಗಳ ಕೆಲಸದಲ್ಲಿದ್ದು ನಿವೃತ್ತನಾದವನು. ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ, ನಿಮ್ಮ ಸಮಯ ಉಳಿಯುತ್ತದೆ. ನಮ್ಮ ದೇಶದ 1901, 1911ರ ಜನಗಣತಿಯಲ್ಲಿ ಮನೆ ಮನೆಗೆ ಹೋಗಿ ಬರೆದ ಹಾಳೆಗಳನ್ನು ಲೆಕ್ಕ ಮುಗಿದ ಮೇಲೆ ಇಟ್ಟುಕೊಳ್ಳಲಿಲ್ಲ. ಉಳಿದಿರುವುದು ಅಂಕಿಅಂಶಗಳ ವರದಿ ಮಾತ್ರ. ಅದರಲ್ಲಿ ಯಾರ ಹೆಸರೂ ಇರುವುದಿಲ್ಲ. ಇಂಗ್ಲೆಂಡಿನಲ್ಲಿ ಹಾಗಲ್ಲ. 1911ರಲ್ಲಿ ಮನೆ ಯಜಮಾನರೇ ತಮ್ಮ ಕೈಯಾರೆ ತುಂಬಿದ ಹಾಳೆಗಳು ಹಾಗೇ ಉಳಿದಿವೆ. ಆ ಗಣತಿ ನಡೆದಿದ್ದು ಏಪ್ರಿಲ್ 2ರ ರಾತ್ರಿ. ಅವತ್ತು ರಾತ್ರಿ ಆ ಮನೆಯಲ್ಲಿ ಮಲಗಿದವರೆಲ್ಲ ಹಾಳೆಯಲ್ಲಿ ಇರಬೇಕು, ಆಳುಕಾಳು ಸೇರಿ. ನಿಮ್ಮ ಫೋಟೋ 1911ರದ್ದು. ಆದ್ದರಿಂದ ಮೊದಲು ಅಲ್ಲಿ ನೋಡಿ. ಹುಡುಕುವಾಗ ಹೆಸರು ಹಾಕಬೇಡಿ. ಮೇರಿ ಅಂತ ಹಾಕಿದರೆ ಲಕ್ಷಗಟ್ಟಲೆ ಬರುತ್ತದೆ. ಊರು ಚೆಲ್ಟನ್‌ಹ್ಯಾಮ್, ಹುಟ್ಟಿದ ದೇಶ ಇಂಡಿಯಾ, ಕೆಲಸ ಆಯಾ ಅಥವಾ ನರ್ಸ್, ಇಷ್ಟು ಹಾಕಿ. ಚೆಲ್ಟನ್‌ಹ್ಯಾಮ್‌ನಲ್ಲಿ ಇಂಡಿಯಾದಿಂದ ರಿಟೈರ್ ಆಗಿ ಹೋದ ಮಿಲಿಟರಿಯವರು ತುಂಬ ಇದ್ದರು. ಹಾಗಾಗಿ ಹತ್ತಾರು ಜನ ಇಂಡಿಯಾದಲ್ಲಿ ಹುಟ್ಟಿದವರು ಬರುತ್ತಾರೆ, ಹೆದರಬೇಡಿ. ಅವರಲ್ಲಿ ಹೆಚ್ಚಿನವರು ಬಿಳಿಯರೇ.

ಎರಡನೆಯದು ಹಡಗಿನ ಪಟ್ಟಿ. ಬ್ರಿಟನ್ನಿನ ಬಂದರಿಗೆ ಬಂದವರ ಪಟ್ಟಿ ಲಂಡನ್ನಿನ ಕ್ಯೂ ಅನ್ನುವ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಬಿಟಿ 26 ಅನ್ನುವ ಸರಣಿಯಲ್ಲಿದೆ. ಅಲ್ಲಿಂದ ಹೊರಟವರದು ಬಿಟಿ 27. ಎರಡೂ ಆನ್‌ಲೈನ್ ಇವೆ, ಆದರೆ ದುಡ್ಡು ಕಟ್ಟುವ ಜಾಲತಾಣಗಳಲ್ಲಿ. ಇದರಲ್ಲಿ ಆಯಾಗಳ ಹೆಸರು ಬರೆಯದೇ ಇರುವುದೇ ಹೆಚ್ಚು. ಯಜಮಾನಿತಿಯ ಹೆಸರು, ಪಕ್ಕದಲ್ಲಿ 'ಮಗು, ಮತ್ತು ಆಯಾ' ಅಂತ. ಅದಕ್ಕೇ ಹೇಳುವುದು, ನೀವು ಹುಡುಕಬೇಕಾದ್ದು ಮುತ್ತಜ್ಜಿಯನ್ನಲ್ಲ, ಆ ಮಗುವಿನ ತಾಯಿಯನ್ನು. ದೊರೆಸಾನಿ ಸಿಕ್ಕಿದರೆ ಇವರು ಸಿಗುತ್ತಾರೆ.

ಮೆಕ್ಕಿ ಅಂದರೆ ಮ್ಯಾಕಿ ಇರಬಹುದು, ಮಕೇ ಇರಬಹುದು, ಮೆಕೀ ಇರಬಹುದು. 1909, 1910ರ ಇಂಡಿಯನ್ ಆರ್ಮಿ ಲಿಸ್ಟ್ ತೆಗೆದು ಬೆಂಗಳೂರಿನಲ್ಲಿದ್ದ ಪಲ್ಟನ್ನುಗಳ ಅಧಿಕಾರಿಗಳ ಹೆಸರು ನೋಡಿ. ಥ್ಯಾಕರ್ಸ್ ಡೈರೆಕ್ಟರಿ, ಮದ್ರಾಸಿನ ಅಸೈಲಂ ಪ್ರೆಸ್ ಆಲ್ಮನಾಕ್, ಇವುಗಳಲ್ಲಿ ದಂಡಿನಲ್ಲಿ ವಾಸವಿದ್ದ ಯೂರೋಪಿಯನ್ನರ ಪಟ್ಟಿ ಇರುತ್ತದೆ. ಹಳೆಯ ಕೆಲವು ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ.

ವಿಧಾನಸೌಧದ ರಾಜ್ಯ ಪತ್ರಾಗಾರಕ್ಕೆ ಹೋಗಿ ಮೈಸೂರು ಸರ್ಕಾರದ ಫೈಲುಗಳಲ್ಲಿ ಹುಡುಕುತ್ತೇನೆ ಅಂತ ಬಹಳ ಜನ ಹೊರಡುತ್ತಾರೆ. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದರೂ ದಂಡು ಮಾತ್ರ 1947ರವರೆಗೆ ಬ್ರಿಟಿಷ್ ರೆಸಿಡೆಂಟರ (ಮೈಸೂರಿಗೆ ನೇಮಿಸಿದ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯ) ಕೈಯಲ್ಲೇ ಇತ್ತು. ದಂಡಿನ ವಿಷಯ ಮೈಸೂರು ಸರ್ಕಾರದ ಇಲಾಖೆ ಫೈಲಿನಲ್ಲಿ ಸಿಗುವುದು ಕಡಿಮೆ. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ಅಭಿಲೇಖ್ ಪಟಲ್ ಜಾಲತಾಣದಲ್ಲಿ ಮೈಸೂರು ರೆಸಿಡೆನ್ಸಿ ಅಂತ ಹಾಕಿ ನೋಡಿ. ಆದರೆ ಒಬ್ಬ ಆಯಾ ಹೆಸರು ಅಲ್ಲಿ ಬರಬೇಕಾದರೆ ಏನಾದರೂ ಕೇಸು ಆಗಿರಬೇಕು. ಹಾಗಾಗಿ ಅದನ್ನು ಕೊನೆಗೆ ಇಟ್ಟುಕೊಳ್ಳಿ.


ಟಿಪಾಯಿ ಬರೆದದ್ದು:

ಒಂದು ಅನುಮಾನ, ಬೇಜಾರು ಮಾಡಿಕೊಳ್ಳಬೇಡಿ. ಫೋಟೋದಲ್ಲಿ ಇರುವುದು ನಿಮ್ಮ ಮುತ್ತಜ್ಜಿಯೇ ಅಂತ ಹೇಗೆ ಗೊತ್ತು? ಹಿಂದೆ ಹೆಸರಿಲ್ಲ ಅಂತೀರಿ. ಆ ಕಾಲದಲ್ಲಿ ಕೆಲಸದ ಮನೆಯವರು ಹಳೇ ಫೋಟೋ, ಹಳೇ ಪೆಟ್ಟಿಗೆ ಎಲ್ಲ ಆಳುಗಳಿಗೆ ಕೊಟ್ಟು ಹೋಗುತ್ತಿದ್ದರು. ಆ ಮಗುವಿಗೆ ಮೊದಲಿದ್ದ ಬೇರೆ ಆಯಾ ಫೋಟೋ ಆಗಿರಬಹುದಲ್ವಾ? ನಮ್ಮ ಮನೆಯಲ್ಲಿ ಹೀಗೇ ಆಯ್ತು. ಮೂವತ್ತು ವರ್ಷ ಮುತ್ತಾತ ಅಂತ ಹಾರ ಹಾಕಿದ್ದ ಫೋಟೋ ಬೇರೆ ಯಾರದೋ ಅಂತ ಆಮೇಲೆ ಗೊತ್ತಾಯಿತು. ಒಂದು ಫೋಟೋ ಹಿಡಿದು ಎಲ್ಲ ಕಟ್ಟುವ ಮುಂಚೆ ಇದನ್ನು ಗಟ್ಟಿ ಮಾಡಿಕೊಳ್ಳಿ.


ಕನಕಪುರ ರೋಡ್ ಬರೆದದ್ದು:

ಬೇಜಾರೇನಿಲ್ಲ ಸರ್, ಕೇಳಬೇಕಾದ ಪ್ರಶ್ನೆಯೇ. ಮಗುವಿನ ಹೊಟ್ಟೆಯ ಮೇಲಿರುವ ಕೈ ಅಂದೆನಲ್ಲ, ಆ ಕೈಯ ಕಿರುಬೆರಳು ಮೇಲಿನ ಗೆಣ್ಣಿನಲ್ಲಿ ಒಳಗೆ ಬಾಗಿದೆ. ನನ್ನ ಅಜ್ಜಿಗೆ ಹಾಗೇ ಇತ್ತು. ಅಪ್ಪನಿಗೆ ಹಾಗೇ ಇದೆ, ನನ್ನ ಎರಡೂ ಕೈಗೂ ಇದೆ. ಫೋಟೋವನ್ನು ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದಾಗ ಅಪ್ಪ ಸುಮ್ನೆ ತಮ್ಮ ಕೈಯನ್ನು ಪರದೆಯ ಪಕ್ಕ ಇಟ್ಟರು. ನನಗೆ ಅಷ್ಟು ಸಾಕು. ಕೋರ್ಟಿಗೆ ಸಾಲದೇ ಇರಬಹುದು.

ಹಳೇ ಫೈಲು ಸರ್, ತುಂಬ ಉಪಕಾರವಾಯಿತು. ಆದರೆ ಮುತ್ತಜ್ಜಿಯನ್ನು ಬಿಟ್ಟು ದೊರೆಸಾನಿಯನ್ನು ಹುಡುಕಬೇಕು ಅಂದಾಗ ಹೊಟ್ಟೆಯಲ್ಲಿ ಒಂಥರಾ ಆಯಿತು. ಸರಿ, ಹಾದಿ ಅದೇ ಆದರೆ ಅದರಲ್ಲೇ ಹೋಗುತ್ತೇನೆ. ಈ ದುಡ್ಡು ಕಟ್ಟುವ ಜಾಲತಾಣಗಳಿಗೆ ಒಂದು ತಿಂಗಳಿಗೆ ಕಟ್ಟಿದರೆ ಸಾಕಾ? ಅಥವಾ ಲಂಡನ್ ಕಡೆ ಇರುವವರು ಯಾರಾದರೂ ಇದ್ದೀರಾ?


ಮೇರ್ ಸ್ಟ್ರೀಟ್ ಬರೆದದ್ದು:

ಅಕ್ಕ, ನಾನು ಇದ್ದೇನೆ. ಊರು ಹಾಸನ, ಈಗ ಇರುವುದು ಲಂಡನ್ನಿನ ಹ್ಯಾಕ್ನಿಯಲ್ಲಿ. ದುಡ್ಡು ಕಟ್ಟಬೇಡಿ. ಕ್ಯೂನ ಆರ್ಕೈವ್ಸ್‌ನಲ್ಲಿ ಕೂತು ನೋಡಿದರೆ ಆ ಜಾಲತಾಣಗಳು ಪುಕ್ಕಟೆ. ಇಲ್ಲಿನ ಎಷ್ಟೋ ಪಬ್ಲಿಕ್ ಲೈಬ್ರರಿಗಳಲ್ಲೂ ನೋಡಬಹುದು. ನಾನು ನೋಡಿ ಹೇಳುತ್ತೇನೆ.

ನಾನು ಇದಕ್ಕೆ ಕೈ ಹಾಕುತ್ತಿರುವುದಕ್ಕೆ ಕಾರಣ ಇದೆ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಕಿಂಗ್ ಎಡ್ವರ್ಡ್ಸ್ ರೋಡ್ ಇದೆ. ಅಲ್ಲಿ 26ನೇ ನಂಬರಿನ ಮನೆ ಆಯಾಗಳ ಹೋಮ್ ಆಗಿತ್ತು. 1900ರಲ್ಲಿ ಲಂಡನ್ ಸಿಟಿ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರು ಅದನ್ನು ನಡೆಸಲು ಶುರು ಮಾಡಿದರು. ಮೂವತ್ತು ಕೋಣೆಗಳು. 1921ರಲ್ಲಿ ಅದೇ ರಸ್ತೆಯ 4ನೇ ನಂಬರಿಗೆ ಹೋಯಿತು. 2022ರ ಜೂನ್‌ನಲ್ಲಿ 26ನೇ ನಂಬರಿನ ಗೋಡೆಗೆ ಇಂಗ್ಲಿಷ್ ಹೆರಿಟೇಜ್ ಅನ್ನುವ ಪರಂಪರೆ ಸಂಸ್ಥೆಯವರು ನೆನಪಿನ ನೀಲಿ ಫಲಕ ಹಾಕಿದ್ದಾರೆ. ಮೊದಲ ಸಲ ಅದರ ಮುಂದೆ ನಿಂತಾಗ ನನಗೆ ಗೊತ್ತೇ ಇರಲಿಲ್ಲ, ನಮ್ಮ ಕಡೆಯಿಂದಲೂ ಇಷ್ಟು ಹೆಂಗಸರು ಬಂದಿದ್ದರು ಅಂತ.

ಈ ಹೋಮ್ ಯಾಕೆ ಬೇಕಾಯಿತು ಅಂದರೆ, ದಾರಿಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಆಯಾ ಬೇಕು. ಇಲ್ಲಿಗೆ ಬಂದ ಮೇಲೆ ಎಷ್ಟೋ ಮನೆಯವರಿಗೆ ಬೇಡ. ಒಳ್ಳೆಯವರು ವಾಪಸ್ ಹೋಗುವ ಟಿಕೆಟ್ ಕೊಡುತ್ತಿದ್ದರು. ಆ ಟಿಕೆಟನ್ನು ಹೋಮಿನ ಮೇಟ್ರನ್ (ಮೇಲ್ವಿಚಾರಕಿ) ಕೈಗೆ ಕೊಡಬೇಕು. ಮೇಟ್ರನ್ ಇಂಡಿಯಾಕ್ಕೆ ಹೊರಟ ಇನ್ನೊಂದು ಮನೆಯನ್ನು ಹುಡುಕಿ, ಆಯಾಳನ್ನು ಅವರ ಜೊತೆ ಮಾಡುತ್ತಿದ್ದಳು. ಟಿಕೆಟ್ ದುಡ್ಡು ಅವರಿಂದ ಬರುತ್ತಿತ್ತು, ಅದರಲ್ಲಿ ಆಯಾ ಅಲ್ಲಿ ಉಳಿದ ದಿನಗಳ ಊಟ ವಸತಿ ಖರ್ಚು ಹೋಗುತ್ತಿತ್ತು. ಕೆಲವರು ಟಿಕೆಟ್ಟೂ ಕೊಡದೆ ಬಂದರಿನಲ್ಲೋ ರೈಲು ನಿಲ್ದಾಣದಲ್ಲೋ ಬಿಟ್ಟು ಹೋಗುತ್ತಿದ್ದರು. ಇದು ಎಷ್ಟು ಆಗುತ್ತಿತ್ತೆಂದರೆ, ದಿಕ್ಕಿಲ್ಲದೆ ಉಳಿದ ಇಂಡಿಯನ್ನರ ಬಗ್ಗೆ 1910ರಲ್ಲಿ ಬಂದ ಸರ್ಕಾರಿ ಸಮಿತಿಯ ವರದಿಯಲ್ಲೂ ಆಯಾಗಳ ವಿಷಯ ಇದೆ.

ಅದಕ್ಕೇ ಅಕ್ಕ, ನಿಮ್ಮ ಮುತ್ತಜ್ಜಿ ಹೋಗುವಾಗ ಮೆಕ್ಕಿ ದೊರೆ ಮನೆಯವರ ಜೊತೆ ಹೋಗಿ, ಬರುವಾಗ ಸಂಬಂಧವೇ ಇಲ್ಲದ ಇನ್ನೊಂದು ಮನೆಯವರ ಜೊತೆ ಬಂದಿರಬಹುದು. ಬಿಟಿ 27ರಲ್ಲಿ ಮೆಕ್ಕಿ ಅಂತ ಹುಡುಕಿ ಸಿಗಲಿಲ್ಲ ಅಂತ ಕೈ ಬಿಡಬೇಡಿ. ಜಾಸ್ತಿ ಸಲ ಹೋಗಿದ್ದಾರೆ ಅಂದಿರಲ್ಲ, ಅದೂ ನಂಬುವ ಮಾತೇ. ಇದನ್ನೇ ಕಸುಬು ಮಾಡಿಕೊಂಡ ಆಯಾಗಳಿದ್ದರು. ಮಿಸೆಸ್ ಆಂಟನಿ ಪರೇರಾ ಅನ್ನುವಾಕೆ 54 ಸಲ ಈ ಪ್ರಯಾಣ ಮಾಡಿದ್ದಳು ಅಂತ ದಾಖಲೆ ಇದೆ. ಕೆಲಸ ಬೇಕು ಅಂತ ಆಯಾಗಳು ಇಲ್ಲಿನ ಪತ್ರಿಕೆಗಳಲ್ಲಿ ಜಾಹೀರಾತು ಕೊಡುತ್ತಿದ್ದರು. 'ಅನುಭವಸ್ಥ ಆಯಾ, ಹಡಗಿನಲ್ಲಿ ವಾಂತಿಯಾಗುವುದಿಲ್ಲ' ಅನ್ನುವ ಧಾಟಿಯಲ್ಲಿ ಇರುತ್ತವೆ.

ಇನ್ನೊಂದು ಮಾತು. ಯುದ್ಧದ ನಂತರ ಹೋಗಿದ್ದು ನಿಜವಾದರೆ ನಿಮಗೆ ಒಳ್ಳೆಯದು. ಅಷ್ಟು ಹೊತ್ತಿಗೆ ಪಾಸ್‌ಪೋರ್ಟ್ ಬಂದಿತ್ತು. ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ (ಲಂಡನ್ನಿನಿಂದ ಇಂಡಿಯಾ ಆಡಳಿತ ನೋಡುತ್ತಿದ್ದ ಇಲಾಖೆ) ದಾಖಲೆಗಳಲ್ಲಿ ಎಲ್/ಪಿಜೆ/11 ಅನ್ನುವ ಸರಣಿ ಪಾಸ್‌ಪೋರ್ಟ್ ಅರ್ಜಿಗಳದ್ದು. ಅದರಲ್ಲಿ ಆಯಾಗಳ ಅರ್ಜಿಗಳಿವೆ, ಫೋಟೋ ಸಮೇತ. 1911ರಲ್ಲಿ ಅದೆಲ್ಲ ಬೇಕಿರಲಿಲ್ಲ. ಬ್ರಿಟಿಷ್ ಲೈಬ್ರರಿಯ ಗಣಕ ವ್ಯವಸ್ಥೆಯ ಮೇಲೆ 2023ರ ಅಕ್ಟೋಬರಿನಲ್ಲಿ ದಾಳಿ ಆದಮೇಲೆ ಅಲ್ಲಿ ಆನ್‌ಲೈನ್ ಹುಡುಕುವುದು ಮೊದಲಿನಷ್ಟು ಸಲೀಸಲ್ಲ. ಅದನ್ನು ನಿಧಾನವಾಗಿ ನೋಡೋಣ. ಮೊದಲು ಗಣತಿ.

ಫೋಟೋದ ಕೆಳಗಿನ ಸ್ಟುಡಿಯೋ ಹೆಸರಿನಲ್ಲಿ ಎಷ್ಟು ಅಕ್ಷರ ಓದಲು ಬರುತ್ತದೋ ಅಷ್ಟನ್ನು ಕಳಿಸಿ. ರಟ್ಟಿನ ಬಣ್ಣ, ಅಳತೆ ಕೂಡ.


ಜಪಮಾಲೆ ಬರೆದದ್ದು:

ಇಂಗ್ಲೆಂಡಿನ ಕಡೆ ಎಲ್ಲರೂ ಓಡುತ್ತಿದ್ದೀರಿ, ನಾನು ಮನೆ ಹತ್ತಿರದ್ದು ಹೇಳುತ್ತೇನೆ.

ನಾನೂ ಕನ್ನಡ ಕ್ಯಾಥೋಲಿಕ, ನಮ್ಮ ಚರ್ಚಿನ ಹಳೇ ರಿಜಿಸ್ಟರುಗಳನ್ನು ಪಟ್ಟಿ ಮಾಡುವ ಕೆಲಸದಲ್ಲಿದ್ದೆ. ನಮ್ಮ ಹೆಂಗಸರ ಹೆಸರು ಹುಟ್ಟಿದಾಗಿನಿಂದ ಮಣ್ಣಾಗುವವರೆಗೆ ಬರೆದಿಟ್ಟ ಜಾಗ ಅಂದರೆ ಅದೊಂದೇ. ಜಮೀನಿನ ಕಾಗದದಲ್ಲಿ ಅವರಿಲ್ಲ, ಆಗಿನ ವೋಟರ್ ಪಟ್ಟಿಯಲ್ಲೂ ಇಂಥ ಹೆಂಗಸರು ಇರಲಿಲ್ಲ. ಜ್ಞಾನಸ್ನಾನ (ಬ್ಯಾಪ್ಟಿಸಮ್), ಮದುವೆ, ಮರಣ, ಮೂರರಲ್ಲೂ ಹೆಣ್ಣಿನ ಹೆಸರು ಬರೆಯಲೇಬೇಕು, ತಾಯಿಯ ಹೆಸರೂ ಬರೆಯಬೇಕು. ಮುಖ್ಯವಾಗಿ ಜ್ಞಾನ ತಾಯಿಯ (ಗಾಡ್‌ಮದರ್) ಹೆಸರು ನೋಡಿ. ಸಾಮಾನ್ಯವಾಗಿ ಅದು ತಾಯಿಯ ಅಕ್ಕನೋ ಅತ್ತಿಗೆಯೋ ಆಗಿರುತ್ತಾಳೆ. ನಿಮ್ಮ ಅಜ್ಜಿಯನ್ನು ಸಾಕಿದ ದೊಡ್ಡಮ್ಮ ಅಲ್ಲೇ ಸಿಕ್ಕರೂ ಸಿಗಬಹುದು.

ಆ ಕಾಲದಲ್ಲಿ ನಮ್ಮ ಕಡೆ ಇದ್ದವರು ಪ್ಯಾರಿಸ್ ಮಿಷನ್ನಿನ ಫ್ರೆಂಚ್ ಗುರುಗಳು. ರಿಜಿಸ್ಟರ್ ಲ್ಯಾಟಿನ್ನಿನಲ್ಲಿ ಇರುತ್ತದೆ. ಹಳ್ಳಿಯ ಹೆಸರುಗಳನ್ನು ಫ್ರೆಂಚರ ಕಿವಿಗೆ ಕೇಳಿಸಿದ ಹಾಗೆ ಬರೆದಿರುತ್ತಾರೆ. ಜೋರಾಗಿ ಓದಿಕೊಂಡರೆ ಗೊತ್ತಾಗುತ್ತದೆ. ಬೆಂಗಳೂರು ಆಗ ಬೇರೆ ಧರ್ಮಪ್ರಾಂತ್ಯ ಅಲ್ಲ, 1940ರವರೆಗೆ ಮೈಸೂರು ಧರ್ಮಪ್ರಾಂತ್ಯದಲ್ಲೇ ಇತ್ತು. ಆದ್ದರಿಂದ ಬೆಂಗಳೂರಿನವರು 'ನಮ್ಮಲ್ಲಿಲ್ಲ' ಅಂದರೆ ಮೈಸೂರಿಗೂ ಒಂದು ಪತ್ರ ಹಾಕಿ.

ಎಲ್ಲಿ ಕೇಳಬೇಕು ಅಂದರೆ ಎರಡು ಕಡೆ. ಒಂದು, ನಿಮ್ಮ ಹಳ್ಳಿ ಆಗ ಯಾವ ದೊಡ್ಡ ಚರ್ಚಿಗೆ ಸೇರಿತ್ತೋ ಅಲ್ಲಿ. ಈಗಿನ ಚರ್ಚಲ್ಲ, ಆಗಿನದು. ಗುರುಗಳು ಕುದುರೆ ಮೇಲೆ ಬಂದು ಹಳ್ಳಿ ಹಳ್ಳಿಯಲ್ಲಿ ಜ್ಞಾನಸ್ನಾನ ಕೊಟ್ಟು, ವಾಪಸ್ ಹೋಗಿ ತಮ್ಮ ಪುಸ್ತಕದಲ್ಲಿ ಬರೆಯುತ್ತಿದ್ದರು. ಎರಡು, ದಂಡಿನ ಚರ್ಚುಗಳು. ಶಿವಾಜಿನಗರದ ಸಂತ ಮೇರಿ, ಸಂತ ಫ್ರಾನ್ಸಿಸ್ ಝೇವಿಯರ್, ಸಂತ ಪ್ಯಾಟ್ರಿಕ್. ದೊರೆ ಬಂಗಲೆ ಯಾವ ಕಡೆ ಇತ್ತು ಅಂತ ಗೊತ್ತಾದರೆ ಯಾವುದು ಅಂತ ಹೇಳಬಹುದು.

ಸಮಾಧಿ ಬಗ್ಗೆ ಸತ್ಯ ಹೇಳಬೇಕು. ಬೆಂಗಳೂರಿನ ಹೊಸೂರು ರಸ್ತೆ, ಕಲ್ಪಳ್ಳಿ ಎರಡೂ ಸ್ಮಶಾನಗಳಲ್ಲಿ ಬಡವರ ಗುಂಡಿಗಳಿಗೆ ಕಲ್ಲು ಇರುತ್ತಿರಲಿಲ್ಲ. ಕೆಲವು ವರ್ಷ ಆದಮೇಲೆ ಅದೇ ಜಾಗದಲ್ಲಿ ಇನ್ನೊಬ್ಬರನ್ನು ಇಡುತ್ತಾರೆ. ಕಲ್ಲು ಹುಡುಕಬೇಡಿ, ಪುಸ್ತಕ ಹುಡುಕಿ.

ಹೋಗುವಾಗ ಮೊದಲೇ ಪತ್ರ ಕೊಟ್ಟು ಹೋಗಿ. ಭಾನುವಾರ ಬೇಡ, ಮದುವೆ ಸೀಸನ್ ಬೇಡ. ನಿಮ್ಮ ಅಪ್ಪನನ್ನು ಕರೆದುಕೊಂಡು ಹೋದರೆ ಗುರುಗಳು ಇನ್ನೂ ಚೆನ್ನಾಗಿ ಸ್ಪಂದಿಸುತ್ತಾರೆ.


ಮೇರ್ ಸ್ಟ್ರೀಟ್ ಬರೆದದ್ದು:

ಅಕ್ಕ, ಮೆಸೇಜ್ ನೋಡಿ. ಹಾಳೆಯ ಚಿತ್ರ ಕಳಿಸಿದ್ದೇನೆ. ಇಲ್ಲಿ ನೀವೇ ಹೇಳಿದರೆ ಚೆನ್ನಾಗಿರುತ್ತದೆ.


ಕನಕಪುರ ರೋಡ್ ಬರೆದದ್ದು:

ಎಲ್ಲರಿಗೂ ಹೇಳಲೇಬೇಕು. ಸಿಕ್ಕಿದಳು.

ಮೇರ್ ಸ್ಟ್ರೀಟ್ ತಂಗಿ, ಹಳೇ ಫೈಲು ಸರ್ ಹೇಳಿದ ಹಾಗೆ ಹೆಸರು ಬಿಟ್ಟು ಊರು, ಕೆಲಸ, ಹುಟ್ಟಿದ ಜಾಗ ಹಾಕಿ ಹುಡುಕಿದ್ದಾಳೆ. ಚೆಲ್ಟನ್‌ಹ್ಯಾಮ್‌ನ ಒಂದು ಮನೆ. ಯಜಮಾನಿ ಒಬ್ಬ ವಿಧವೆ, ಅರವತ್ತು ದಾಟಿದವರು. ಮದುವೆಯಾದ ಮಗಳು ಮಗುವಿನ ಜೊತೆ ತವರಿಗೆ ಬಂದಿದ್ದಾಳೆ. ಆ ಮಗಳ ಗಂಡನ ಮನೆ ಹೆಸರು ಮ್ಯಾಕಿ. ನಮ್ಮ ಅಜ್ಜಿಯ ಮೆಕ್ಕಿ ದೊರೆ! ಪೂರ್ತಿ ಹೆಸರುಗಳನ್ನು ಇಲ್ಲಿ ಹಾಕುವುದಿಲ್ಲ, ಅವರ ಮೊಮ್ಮಕ್ಕಳು ಮರಿಮಕ್ಕಳು ಇದ್ದಾರು. ಮಗುವಿಗೆ ಎಂಟು ತಿಂಗಳು, ಹುಟ್ಟಿದ್ದು ಬೆಂಗಳೂರು. ಆಮೇಲೆ ಅಡುಗೆಯವಳು, ಮನೆಗೆಲಸದವಳು, ಇಬ್ಬರೂ ಆ ಊರಿನ ಕಡೆಯವರೇ. ಕೊನೆಯ ಸಾಲಿನಲ್ಲಿ: ಮೇರಿ, ಆಳು, 29, ವಿಧವೆ, ಆಯಾ, ಹುಟ್ಟಿದ್ದು ಬೆಂಗಳೂರು, ಇಂಡಿಯಾ. ಉಳಿದ ಇಬ್ಬರು ಕೆಲಸದವರಿಗೆ ಮನೆತನದ ಹೆಸರೂ ಇದೆ. ಇವಳಿಗೆ ಬರೀ ಮೇರಿ.

ಆ ಹಾಳೆಯಲ್ಲಿ ಮದುವೆಯಾದ ಹೆಂಗಸರಿಗೆ ಮಾತ್ರ ಅಂತ ಒಂದು ಕಡೆ ಮೂರು ಕಾಲಂ ಇದೆ. ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಜನ ಬದುಕಿದ್ದಾರೆ, ಎಷ್ಟು ಜನ ತೀರಿಕೊಂಡರು. ವಿಧವೆಯರು ತುಂಬಬೇಕಾಗಿರಲಿಲ್ಲ. ಆದರೂ ಮುತ್ತಜ್ಜಿಯ ಸಾಲಿನಲ್ಲಿ ತುಂಬಿದ್ದಾರೆ. ಆಮೇಲೆ ಗಣತಿಯವರು ಅದರ ಮೇಲೆ ಗೀಟು ಹಾಕಿದ್ದಾರೆ. ಗೀಟು ತೆಳುವಾಗಿದೆ, ಕೆಳಗಿರುವುದು ಓದಲು ಬರುತ್ತದೆ. 2, 1, 1.

ಎರಡು ಹುಟ್ಟಿ, ಒಂದು ಉಳಿದು, ಒಂದು ಹೋಗಿದೆ. ನಮ್ಮ ಅಜ್ಜಿ ಒಬ್ಬಳೇ ಮಗಳು ಅಂತ ನಮ್ಮ ಮನೆಯಲ್ಲಿ ಎಲ್ಲರೂ ತಿಳಿದಿದ್ದೆವು. ಇನ್ನೊಂದು ಮಗು ಇತ್ತು ಅನ್ನುವುದು ಅಪ್ಪನಿಗೂ ಗೊತ್ತಿಲ್ಲ, ಅಜ್ಜಿಗೂ ಗೊತ್ತಿತ್ತೋ ಇಲ್ಲವೋ. ಆ ಚೆಲ್ಟನ್‌ಹ್ಯಾಮ್ ಮನೆಯಲ್ಲಿ ಅವತ್ತು ಯಾರೋ ಅವಳನ್ನು ಕೂರಿಸಿಕೊಂಡೋ ನಿಲ್ಲಿಸಿಕೊಂಡೋ ಕೇಳಿದ್ದಾರೆ: ನಿನಗೆಷ್ಟು ಮಕ್ಕಳು? ಅವಳು ಹೋದ ಮಗುವನ್ನೂ ಸೇರಿಸಿ ಲೆಕ್ಕ ಕೊಟ್ಟಿದ್ದಾಳೆ. ಅವಳು ಹೇಳಿದ ಮಾತು ಅಂತ ನಮಗೆ ಸಿಕ್ಕಿರುವುದು ಈ ಮೂರು ಅಂಕಿ ಮಾತ್ರ. ಅದನ್ನು ಓದಿ ನಾನು ಅತ್ತುಬಿಟ್ಟೆ.

ಅಪ್ಪನಿಗೆ ಹಾಳೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೊಟ್ಟೆ. ಮೊದಲು ಕೇಳಿದ್ದು, 'ಗಂಡೋ ಹೆಣ್ಣೋ?' ಅಂತ. ಅದಕ್ಕೆ ಉತ್ತರ ಈ ಹಾಳೆಯಲ್ಲಿ ಇಲ್ಲ.

ಜಪಮಾಲೆ ಸರ್, ಈಗ ನಿಮ್ಮ ದಾರಿಗೇ ಬರುತ್ತೇನೆ. ಆ ಮಗುವಿನ ಹೆಸರು ಚರ್ಚಿನ ಪುಸ್ತಕದಲ್ಲಿ ಇರಲೇಬೇಕು ಅಲ್ವಾ? ಲ್ಯಾಟಿನ್ ನನಗೆ ಒಂದಕ್ಷರ ಬರುವುದಿಲ್ಲ. ಏನು ನೋಡಬೇಕು ಹೇಳಿ.

ಮೇರ್ ಸ್ಟ್ರೀಟ್ ತಂಗಿ ಹಡಗಿನ ಪಟ್ಟಿಯನ್ನೂ ನೋಡಿದ್ದಾಳೆ. 1910ರ ಕೊನೆಯಿಂದ 1911ರ ಮಾರ್ಚ್‌ವರೆಗೆ ಬಾಂಬೆಯಿಂದ ಬಂದ ಹಡಗುಗಳಲ್ಲಿ ಈ ಮನೆಯವರು ಕಾಣಲಿಲ್ಲವಂತೆ.


ಹಳೇ ಫೈಲು ಬರೆದದ್ದು:

ಬಹಳ ಸಂತೋಷ ಮೇಡಂ. ಹಡಗಿನಲ್ಲಿ ಸಿಗದಿದ್ದಕ್ಕೆ ಕಾರಣ ಇರಬಹುದು. ದುಡ್ಡಿದ್ದವರು ಪಿ ಅಂಡ್ ಓ ಕಂಪನಿಯ ಹಡಗಿನಲ್ಲಿ ಫ್ರಾನ್ಸಿನ ಮಾರ್ಸೇಲ್‌ವರೆಗೆ ಹೋಗಿ, ಅಲ್ಲಿ ಇಳಿದು ರೈಲು ಹಿಡಿಯುತ್ತಿದ್ದರು. ಬಿಸ್ಕೆ ಕೊಲ್ಲಿಯ ಅಲೆ ತಪ್ಪುತ್ತಿತ್ತು, ದಿನವೂ ಉಳಿಯುತ್ತಿತ್ತು. ಹಾಗೆ ಹೋದವರು ಬಿಟಿ 26ರಲ್ಲಿ ಇರುವುದಿಲ್ಲ. ವಾಪಸ್ ಬಂದ ಪಟ್ಟಿ ನೋಡಿ. ಇಂಡಿಯಾಕ್ಕೆ ಮರಳುವವರು ಸಾಮಾನ್ಯವಾಗಿ ಚಳಿಗಾಲ ಶುರುವಾಗುವ ಮುಂಚೆ ಹೊರಡುತ್ತಿದ್ದರು. ಸೆಪ್ಟೆ‌ಂಬರಿಂದ ನವೆಂಬರ್ ನೋಡಿ ಅಂತ ಅವರಿಗೆ ಹೇಳಿ. ಬಾಂಬೆ ಜೊತೆ ಮದ್ರಾಸಿನ ಹಡಗುಗಳನ್ನೂ ಬಿಡಬೇಡಿ.

ಮ್ಯಾಕಿಯವರ ಮಗು ಬೆಂಗಳೂರಿನಲ್ಲಿ ಹುಟ್ಟಿದ್ದು ಅಂದಿರಿ. ಹಾಗಾದರೆ ಅದರ ಬ್ಯಾಪ್ಟಿಸಮ್ ಮದ್ರಾಸಿಗೆ ಸಂಬಂಧಪಟ್ಟ ಚರ್ಚ್ ದಾಖಲೆಯಲ್ಲಿ ಬರುತ್ತದೆ, ಇಂಡಿಯಾ ಆಫೀಸಿನ ಎನ್/2 ಸರಣಿ. ಅದರಲ್ಲಿ ತಂದೆಯ ಹುದ್ದೆ ಬರೆದಿರುತ್ತಾರೆ. ಪಲ್ಟನ್ ಗೊತ್ತಾದರೆ ಬಂಗಲೆ ಯಾವ ಕಡೆ ಅಂತ ಅಂದಾಜು ಮಾಡಬಹುದು, ಜಪಮಾಲೆಯವರು ಕೇಳಿದ್ದೂ ಅದನ್ನೇ.


ಜಪಮಾಲೆ ಬರೆದದ್ದು:

ತಂಗಿ, ಮುತ್ತಜ್ಜಿಯ ಆ ತೀರಿಹೋದ ಮಗುವಿಗೆ ಜ್ಞಾನಸ್ನಾನ ಆಗಿದ್ದರೆ ಹೆಸರು ಇರಲೇಬೇಕು. ಮಗು ಸಾಯುವ ಹಾಗಿದ್ದರೆ ಮನೆಯಲ್ಲೇ ಯಾರಾದರೂ ನೀರು ಹಾಕಿ ಕೊಡುತ್ತಿದ್ದರು, ಅದನ್ನೂ ಆಮೇಲೆ ಗುರುಗಳು ಪುಸ್ತಕದಲ್ಲಿ ಬರೆಯುತ್ತಿದ್ದರು.

ಪುಸ್ತಕದಲ್ಲಿ ಎಲ್ಲ ಒಂದೇ ಅಚ್ಚಿನ ಹಾಗೆ ಇರುತ್ತದೆ, ಒಂದು ಪುಟ ಬಿಡಿಸಿಕೊಂಡರೆ ಉಳಿದಿದ್ದು ತಾನಾಗಿ ಬರುತ್ತದೆ. 'ಫಿಲಿಯುಸ್' ಅಥವಾ 'ಫಿಲಿಯುಂ' ಇದ್ದರೆ ಗಂಡು, 'ಫಿಲಿಯಾ' ಅಥವಾ 'ಫಿಲಿಯಾಂ' ಇದ್ದರೆ ಹೆಣ್ಣು. ನಿಮ್ಮ ಅಪ್ಪ ಕೇಳಿದ್ದಕ್ಕೆ ಉತ್ತರ ಅಲ್ಲಿದೆ. ಮರಣದ ಪುಸ್ತಕದಲ್ಲಿ 'ಸೆಪುಲ್ತುಸ್', 'ಸೆಪುಲ್ತಾ' ಅಂದರೆ ಮಣ್ಣು ಮಾಡಿದ್ದು. ಮೇರಿಯನ್ನು 'ಮರಿಯಾ' ಅಂತಲೇ ಬರೆದಿರುತ್ತಾರೆ. ಮರಿಯಾಗಳು ಪುಟಕ್ಕೆ ಹತ್ತು ಸಿಗುತ್ತಾರೆ. ಅದಕ್ಕೆ ಮೊದಲು ನಿಮ್ಮ ಅಜ್ಜಿಯ 1907ರ ಜ್ಞಾನಸ್ನಾನ ಹುಡುಕಿ. ಅಲ್ಲಿ ಅವಳ ತಂದೆಯ ಹೆಸರು ಸಿಗುತ್ತದೆ. ಆ ತಂದೆ, ಈ ಮರಿಯಾ, ಇಬ್ಬರ ಹೆಸರು ಜೊತೆಯಾಗಿ ಇನ್ನೊಂದು ಕಡೆ ಎಲ್ಲಿ ಬಂದಿದೆ ಅಂತ ಹಿಂದೆ ಮುಂದೆ ನೋಡಿ. ಗಣತಿಯಲ್ಲಿ ಅವಳಿಗೆ 29 ಅಂದರೆ ಹುಟ್ಟಿದ್ದು 1882ರ ಸುಮಾರು. ಮದುವೆ 1898ರ ನಂತರ ಇದ್ದೀತು. ಅಲ್ಲಿಂದ 1911ರ ಏಪ್ರಿಲ್‌ವರೆಗೆ ಓದಿದರೆ ಸಾಕು, ಅದಕ್ಕಿಂತ ಮುಂದೆ ಬೇಡ.

ಹಳ್ಳಿ ಚರ್ಚಿನ ಪುಸ್ತಕ ಮೊದಲು, ದಂಡು ಆಮೇಲೆ. ಹೆಂಗಸರು ಹೆರಿಗೆಗೆ ತವರಿಗೆ ಹೋಗುತ್ತಿದ್ದರಲ್ಲ. ಪುಟ ಸಿಕ್ಕಿದರೆ ಗುರುಗಳ ಒಪ್ಪಿಗೆ ಕೇಳಿ ಫೋಟೋ ತೆಗೆದು ನನಗೆ ಕಳಿಸಿ, ಲ್ಯಾಟಿನ್ ನಾನು ಓದಿ ಹೇಳುತ್ತೇನೆ.